ವೇಲರ್ಸ್ ಬೇಯಲ್ಲಿ ಇಳಿಯುವುದು: ಮಂಡಿ ನೋವಿರುವವರಿಗೆ ಆಗುತ್ತಾ? ಏನೇನು ತಯಾರಿ ಬೇಕು?

ತುಂಗಾತೀರ (ಪ್ರಶ್ನೆ)

ಫೆಬ್ರವರಿಯಲ್ಲಿ ಅರ್ಜೆಂಟೀನಾದ ದಕ್ಷಿಣ ತುದಿಯ ಬಂದರು ಉಶುವಾಯಾದಿಂದ ಹೊರಡುವ ಅಂಟಾರ್ಕ್ಟಿಕಾ ಹಡಗಿನಲ್ಲಿ ನನಗೂ ಅಪ್ಪನಿಗೂ ಕ್ಯಾಬಿನ್ ಬುಕ್ ಆಗಿದೆ. ಸುಮಾರು 180 ಪ್ರಯಾಣಿಕರ ಹಡಗು. ಪಟ್ಟಿಯಲ್ಲಿ ಡಿಸೆಪ್ಷನ್ ದ್ವೀಪದ ವೇಲರ್ಸ್ ಬೇ ಇದೆ. ಅಪ್ಪನಿಗೆ 68, ಮಂಡಿ ಸವೆತ ಇದೆ. ಸಮತಟ್ಟಾದ ಕಡೆ ಕೋಲು ಹಿಡಿದು ಒಂದು ಕಿಲೋಮೀಟರ್ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ರಬ್ಬರ್ ದೋಣಿಯಿಂದ ದಡಕ್ಕೆ ಇಳಿಯುವುದು ಅವರ ಕೈಲಾಗುತ್ತಾ? ಅಲ್ಲಿ ಜ್ವಾಲಾಮುಖಿಯ ಬಿಸಿನೀರಲ್ಲಿ ಸ್ನಾನ ಮಾಡಬಹುದು ಅಂತಾರೆ, ಎಷ್ಟು ನಿಜ? ಬಟ್ಟೆಬರೆ ಎಲ್ಲ ತಪಾಸಣೆ ಮಾಡುತ್ತಾರಂತೆ, ಅದಕ್ಕೆ ಮನೆಯಲ್ಲೇ ಏನು ಮಾಡಿಕೊಂಡು ಹೋಗಬೇಕು? ಪಟ್ಟಿಯಲ್ಲಿ ಇದೆ ಅಂದಮೇಲೆ ಇಳಿಸಿಯೇ ಇಳಿಸುತ್ತಾರೆ ತಾನೆ?

ಉಪ್ಪುಗಾಳಿ

ಕೊನೆಯದರಿಂದಲೇ ಶುರು ಮಾಡೋಣ. ಇಳಿಸಿಯೇ ಇಳಿಸುತ್ತಾರೆ ಅಂತ ಯಾರೂ ಮಾತು ಕೊಡುವುದಿಲ್ಲ, ಕೊಟ್ಟರೆ ನಂಬಬೇಡಿ. ಡಿಸೆಪ್ಷನ್ ಕುದುರೆ ಲಾಳದ ಆಕಾರದ ದ್ವೀಪ. ಜ್ವಾಲಾಮುಖಿಯ ಬಾಯಿ ಕುಸಿದು, ಒಳಗೆ ಸಮುದ್ರ ನುಗ್ಗಿ ಪೋರ್ಟ್ ಫಾಸ್ಟರ್ ಎಂಬ ಕೊಲ್ಲಿ ಆಗಿದೆ. ಒಳಗೆ ಹೋಗಲು ಇರುವುದು ಒಂದೇ ಬಾಗಿಲು, ನೆಪ್ಚೂನ್ಸ್ ಬೆಲ್ಲೋಸ್. ಕುಲುಮೆಯ ತಿದಿಯಂತೆ ಗಾಳಿ ಊದುತ್ತದೆ ಎಂದೇ ಆ ಹೆಸರು. ಆ ಬಾಗಿಲ ನಟ್ಟನಡುವೆ, ನೀರಿನ ಮಟ್ಟಕ್ಕಿಂತ ಬರೀ ಎರಡೂವರೆ ಮೀಟರ್ ಕೆಳಗೆ, ರಾವ್ನ್ ರಾಕ್ ಎಂಬ ಬಂಡೆ ಕೂತಿದೆ. ಮೇಲಿಂದ ಕಾಣುವುದೇ ಇಲ್ಲ. ಹಾಗಾಗಿ ಹಡಗು ಮಧ್ಯದಲ್ಲಿ ಹೋಗದೆ ಉತ್ತರದ ಕಡಿದಾದ ಗೋಡೆಗೆ ಹತ್ತಿರವಾಗಿ ನುಸುಳಬೇಕು. ಅಡ್ಡಗಾಳಿ ಜೋರಾಗಿದ್ದರೆ ಹಡಗು ಬಂಡೆಯ ಕಡೆಗೆ ಜಾರುತ್ತದೆ, ಕ್ಯಾಪ್ಟನ್ ಹೊರಗಿನಿಂದಲೇ ಹಿಂದಿರುಗುತ್ತಾರೆ. ಒಳಗೆ ಹೋದಮೇಲೂ ಕೊಲ್ಲಿಯಲ್ಲಿ ಗಾಳಿ ಎದ್ದರೆ ದೋಣಿ ಇಳಿಸುವುದಿಲ್ಲ. ಒಳಗೆ ಹೋಗುವ ಹೊತ್ತಿಗೆ ಅಪ್ಪನನ್ನು ಕರೆದುಕೊಂಡು ಡೆಕ್ಕಿನ ಮೇಲಿರಿ. ಇಳಿಯಲು ಆಗಲಿ ಬಿಡಲಿ, ಆ ಗೋಡೆ ಅಷ್ಟು ಹತ್ತಿರ ಹಾದುಹೋಗುವುದನ್ನು ಕ್ಯಾಬಿನ್ ಕಿಟಕಿಯಿಂದ ನೋಡಿ ಕಳೆದುಕೊಳ್ಳಬೇಡಿ.

ಇನ್ನು ಸಂಖ್ಯೆಯ ವಿಷಯ. ಒಂದು ಹೊತ್ತಿಗೆ ದಡದಲ್ಲಿ 100 ಪ್ರಯಾಣಿಕರಷ್ಟೇ ಇರಬಹುದು, 20 ಜನಕ್ಕೆ ಒಬ್ಬ ಗೈಡ್. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನವರನ್ನು ಅಂಟಾರ್ಕ್ಟಿಕಾದಲ್ಲಿ ಎಲ್ಲೂ ಇಳಿಸುವುದಿಲ್ಲ. ನಿಮ್ಮದು 180 ಅಂದರೆ ಎರಡು ತಂಡ ಮಾಡುತ್ತಾರೆ. ನಿಧಾನವಾಗಿ ನಡೆಯುವವರು ಇದ್ದಾರೆಂದು ಮೊದಲ ದಿನವೇ ಎಕ್ಸ್‌ಪೆಡಿಷನ್ ಲೀಡರ್‌ಗೆ ಹೇಳಿಡಿ. ತಂಡದ ಮೊದಲ ದೋಣಿಯಲ್ಲೇ ಇಳಿದರೆ ದಡದಲ್ಲಿ ಹೆಚ್ಚು ಹೊತ್ತು ಸಿಗುತ್ತದೆ.

ಬಿಸಿನೀರಿನ ಸ್ನಾನ ನಿಜ, ದಡದ ಮರಳು ಬಿಸಿ ಇರುತ್ತದೆ, ಹಬೆ ಏಳುತ್ತದೆ.

ಕಡಲಕಾಗೆ

ಸ್ನಾನದ ಮಾತಿಗೆ ಸ್ವಲ್ಪ ತಿದ್ದುಪಡಿ. ಹಬೆ ಏಳುವುದು ನೀರಿನ ಅಂಚಿನಲ್ಲಿ, ಅದೂ ಸಮುದ್ರದ ಇಳಿತದ ಹೊತ್ತಲ್ಲಿ. ಆ ಅಂಚಿನ ಮೇಲುಮೇಲಿನ ಒಂದಿಷ್ಟು ನೀರು ಮಾತ್ರ ಬೆಚ್ಚಗಿರುತ್ತದೆ. ಎರಡು ಹೆಜ್ಜೆ ಮುಂದೆ ಹೋದರೆ ಅದೇ ಅಂಟಾರ್ಕ್ಟಿಕ್ ಸಮುದ್ರ, ಸೊನ್ನೆಯ ಆಸುಪಾಸು. ಹಳೆಯ ಫೋಟೋಗಳಲ್ಲಿ ಜನ ಮರಳು ತೋಡಿ ಗುಂಡಿಯಲ್ಲಿ ಕೂತಿರುವುದು ಕಾಣುತ್ತದೆ, ಈಗ ಗೈಡುಗಳು ತೋಡಲು ಬಿಡುವುದಿಲ್ಲ. ಈಗ ನಡೆಯುವುದು ಓಡಿಹೋಗಿ ಮುಳುಗಿ ಓಡಿಬರುವ ಆಟ ಅಷ್ಟೆ. ಮರಳಿನಡಿ ಕೈ ತೂರಿಸುವಾಗಲೂ ಜೋಪಾನ: ಮೇಲೆ ಉಗುರುಬೆಚ್ಚಗಿದ್ದದ್ದು ಒಂದು ಗೇಣು ಕೆಳಗೆ ಚರ್ಮ ಸುಡುವಷ್ಟಿರಬಹುದು. ಬಿಪಿ ಅಥವಾ ಹೃದಯದ ಔಷಧ ತೆಗೆದುಕೊಳ್ಳುವವರಿಗೆ ತಣ್ಣೀರಿನ ಮುಳುಗು ಬೇಡವೇ ಬೇಡ. ಚರ್ಮಕ್ಕೆ ತಟ್ಟನೆ ತಣ್ಣೀರು ತಾಗಿದಾಗ ಉಸಿರು ತಾನಾಗಿ ಒಳಗೆಳೆದುಕೊಳ್ಳುತ್ತದೆ, ಎದೆಬಡಿತ ಏರುತ್ತದೆ, ರಕ್ತದೊತ್ತಡ ಜಿಗಿಯುತ್ತದೆ. ಮನಸ್ಸು ಗಟ್ಟಿಮಾಡಿಕೊಂಡರೆ ಅದು ನಿಲ್ಲುವುದಿಲ್ಲ.

ಮಂಡಿಯ ವಿಷಯಕ್ಕೆ ಬರುತ್ತೇನೆ. ದಡಕ್ಕಿಂತ ಕಷ್ಟದ ಜಾಗ ಹಡಗಿನ ಪಕ್ಕದ ಗ್ಯಾಂಗ್‌ವೇ. ಇಳಿಜಾರಿನ ಲೋಹದ ಮೆಟ್ಟಿಲು, ಕೆಳಗೆ ಪುಟ್ಟ ಕಟ್ಟೆ, ಅದರ ಪಕ್ಕ ಏರಿಳಿಯುವ ಜೋಡಿಯಾಕ್ ದೋಣಿ. (ಕೆಲವು ಹಡಗುಗಳಲ್ಲಿ ಮೆಟ್ಟಿಲಿಲ್ಲದೆ ನೀರಿನ ಮಟ್ಟದ ಬಾಗಿಲಿಂದಲೇ ಹತ್ತಿಸುತ್ತಾರೆ. ನಿಮ್ಮದರಲ್ಲಿ ಯಾವ ಏರ್ಪಾಡು ಅಂತ ಈಗಲೇ ಇಮೇಲ್ ಮಾಡಿ ಕೇಳಿ.) ಕೋಲನ್ನು ಮೊದಲೇ ಸಿಬ್ಬಂದಿಗೆ ಕೊಟ್ಟುಬಿಡಬೇಕು, ಚೀಲ ಬೆನ್ನ ಮೇಲಿರಬೇಕು, ಎರಡೂ ಕೈ ಖಾಲಿ. ದೋಣಿಯಲ್ಲಿ ನಿಂತವರ ಅಂಗೈ ಹಿಡಿಯಬಾರದು, ಮುಂಗೈ ಹಿಡಿಯಬೇಕು: ಅವರ ಕೈ ನಿಮ್ಮ ಮಣಿಕಟ್ಟಿನ ಮೇಲೆ, ನಿಮ್ಮದು ಅವರ ಮಣಿಕಟ್ಟಿನ ಮೇಲೆ. ಒದ್ದೆ ಗ್ಲೌಸು ಜಾರಿದರೂ ಈ ಹಿಡಿತ ಬಿಡುವುದಿಲ್ಲ. ಆಮೇಲೆ ಅವಸರ ಮಾಡಬಾರದು. ಅಲೆಯ ಮೇಲೆ ದೋಣಿ ಏರಿ ಕಟ್ಟೆಯ ಮಟ್ಟಕ್ಕೆ ಬಂದಾಗ ಅವರು ಹೇಳುತ್ತಾರೆ, ಆಗ ಒಂದು ಹೆಜ್ಜೆ ದೋಣಿಯ ಅಂಚಿನ ಗಾಳಿಕೊಳವೆಗೆ, ಇನ್ನೊಂದು ಒಳಗಿನ ಮೆಟ್ಟಿಲಿಗೆ, ಕೂಡಲೇ ಕೂರುವುದು. ದೋಣಿ ಕೆಳಗಿಳಿಯುವಾಗ ಕಾಲಿಟ್ಟರೆ ಮಂಡಿಗೆ ಎರಡು ಮೆಟ್ಟಿಲು ಒಟ್ಟಿಗೆ ಧುಮುಕಿದಷ್ಟು ಪೆಟ್ಟು. ಜನ ಬೀಳುವುದೂ ಆಗಲೇ.

ದಡದಲ್ಲಿ ಇದಕ್ಕಿಂತ ಸುಲಭ. ದೋಣಿಯ ಮೂತಿ ಮರಳಿಗೆ ತಾಗುತ್ತದೆ, ಇಬ್ಬರು ನೀರಲ್ಲಿ ನಿಂತು ಹಿಡಿದಿರುತ್ತಾರೆ. ಎದ್ದು ನಿಂತು ಜಿಗಿಯುವುದಲ್ಲ. ಕೊಳವೆಯ ಮೇಲೆ ಕೂತಲ್ಲಿಂದಲೇ ಜರುಗುತ್ತಾ ಮುಂದಕ್ಕೆ ಬಂದು, ಎರಡೂ ಕಾಲನ್ನು ಎಂಜಿನ್ನಿನ ದಿಕ್ಕಿನಿಂದ ಸುತ್ತಿಸಿ ಹೊರಗೆ ಹಾಕಿ, ನೀರಿಗೆ ಇಳಿಯಬೇಕು. ಮೂತಿಯ ಕಡೆಯಿಂದ ಸುತ್ತಿಸಿದರೆ ಅಲ್ಲಿ ದೋಣಿ ಹಿಡಿದು ನಿಂತವರಿಗೆ ಬೂಟು ಬಡಿಯುತ್ತದೆ. ನೀರು ಮೀನಖಂಡದವರೆಗೆ ಬರಬಹುದು. ಕೆಳಗೆ ಕಪ್ಪು ಬೂದಿಮರಳು, ಬಂಡೆಗಳಿಲ್ಲ. ಮಂಡಿ ನೋವಿನವರಿಗೆ ಈ ಸುತ್ತಿನಲ್ಲೇ ಒಳ್ಳೆಯ ದಡ ಯಾವುದು ಅಂದರೆ ಬಹುಶಃ ಇದೇ. ಅದೇ ದ್ವೀಪದ ಹೊರಮಗ್ಗುಲಿನ ಬೇಲಿ ಹೆಡ್‌ನಲ್ಲಿ ಚಿನ್‌ಸ್ಟ್ರಾಪ್ ಪೆಂಗ್ವಿನ್‌ಗಳ ದೊಡ್ಡ ಸಂತೆ ಇದೆ, ಆದರೆ ಕಡಿದಾದ ದಡ, ತೆರೆದ ಸಮುದ್ರದ ಅಲೆ. ಅಲ್ಲಿಗೆ ಹೋಗುವುದಾದರೆ ಅಪ್ಪ ಹಡಗಲ್ಲೇ ಇರಲಿ.

ವಾಪಸು ಬರುವ ಸಮಯ ಅವರ ಕೈಯಲ್ಲೇ ಇದೆ. ದೋಣಿಗಳು ಸುತ್ತು ಹೊಡೆಯುತ್ತಲೇ ಇರುತ್ತವೆ, ಸಾಕೆನಿಸಿದಾಗ ಹತ್ತಿ ಹೋಗಬಹುದು. ಹಡಗಿಗೆ ಹತ್ತಿದ ತಕ್ಷಣ ಹೆಸರಿನ ಟ್ಯಾಗ್ ತಿರುಗಿಸುವುದೋ ಕಾರ್ಡ್ ಸ್ಕ್ಯಾನ್ ಮಾಡುವುದೋ ಮರೆಯಬೇಡಿ, ಮರೆತರೆ ಇಡೀ ಹಡಗು ನಿಮ್ಮನ್ನು ಹುಡುಕುತ್ತಾ ನಿಲ್ಲುತ್ತದೆ. ದಡದಲ್ಲಿ ಶೌಚಾಲಯ ಇಲ್ಲ. ಬೆಳಿಗ್ಗೆ ನೀರಿನ ಮಾತ್ರೆ (ಮೂತ್ರ ಹೆಚ್ಚು ಹೋಗಿಸುವ ಔಷಧ) ತೆಗೆದುಕೊಳ್ಳುವವರಾದರೆ ಇಳಿಯುವ ದಿನ ಅದರ ಹೊತ್ತು ಬದಲಿಸಬಹುದಾ ಅಂತ ಊರಲ್ಲೇ ಡಾಕ್ಟರನ್ನು ಕೇಳಿ. ಡ್ರೇಕ್ ಪ್ಯಾಸೇಜ್ (ದಕ್ಷಿಣ ಅಮೆರಿಕಕ್ಕೂ ಅಂಟಾರ್ಕ್ಟಿಕಾಗೂ ನಡುವಿನ ಒರಟು ಸಮುದ್ರ) ದಾಟುವಾಗ ವಾಂತಿ ಬಾರದಿರಲೆಂದು ಕಿವಿ ಹಿಂದೆ ಅಂಟಿಸುವ ಸ್ಕೋಪೊಲಮೈನ್ ಪಟ್ಟಿಯನ್ನೂ ಕೇಳದೆ ಹಾಕಬೇಡಿ. ಗ್ಲಾಕೋಮಾ ಇದ್ದವರಿಗೆ, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಅದು ಆಗಿಬರುವುದಿಲ್ಲ, ವಯಸ್ಸಾದವರಲ್ಲಿ ಗಲಿಬಿಲಿ ತರಿಸುತ್ತದೆ.

ಸೋಂಪುಕಾಳು

ಬಟ್ಟೆ ತಪಾಸಣೆಯ ಬಗ್ಗೆ ನಾನು ಹೇಳುತ್ತೇನೆ. ಹಡಗಲ್ಲಿ ಮೊದಲ ಇಳಿಯುವಿಕೆಗೆ ಮುಂಚೆ ಎಲ್ಲರನ್ನೂ ಕೂರಿಸಿ ವ್ಯಾಕ್ಯೂಮ್ ಮಾಡಿಸುತ್ತಾರೆ, ಸಹಿಯನ್ನೂ ಹಾಕಿಸಿಕೊಳ್ಳುತ್ತಾರೆ. ಹುಡುಕುವುದು ಬೀಜ, ಮಣ್ಣು, ಹುಲ್ಲಿನ ಚೂರು, ಹುಳ. ಇದು ಬರೀ ಶಾಸ್ತ್ರಕ್ಕಲ್ಲ. ಡಿಸೆಪ್ಷನ್ ದ್ವೀಪದ ನೆಲ ಅಲ್ಲಲ್ಲಿ ಬೆಚ್ಚಗಿದೆ, ಹೊರಗಿನಿಂದ ಬಂದದ್ದು ಬದುಕಿಕೊಳ್ಳಲು ಉಳಿದ ಅಂಟಾರ್ಕ್ಟಿಕಾಗಿಂತ ಹೆಚ್ಚು ಅವಕಾಶ. ಹೈಪೋಗ್ಯಾಸ್ಟ್ರೂರಾ ವಿಯಾಟಿಕಾ ಎಂಬ ಪುಟಾಣಿ ಜಿಗಿಹುಳ ಹಾಗೆ ಬಂದು ಅಲ್ಲಿ ಬೀಡುಬಿಟ್ಟಿದೆ.

ನಮ್ಮವರ ಜಾಕೆಟ್ ಜೇಬಲ್ಲಿ ಸಿಗುವುದು ಸೋಂಪು. ಊಟವಾದ ಮೇಲೆ ಬಾಯಿಗೆ ಹಾಕಿಕೊಂಡು ಮಿಕ್ಕದ್ದನ್ನು ಜೇಬಿಗೆ ಬಿಟ್ಟಿರುತ್ತೇವೆ. ಹೊಲಿಗೆಯ ಸಂದಿಯಲ್ಲಿ ಎರಡು ಕಾಳು ಕೂತರೆ ತಿಂಗಳುಗಟ್ಟಲೆ ಅಲ್ಲೇ. ಸಾಸಿವೆ, ಜೀರಿಗೆ, ಎಳ್ಳುಂಡೆಯ ಎಳ್ಳು ಕೂಡ ಹಾಗೇ. ಮನೆಯಲ್ಲೇ ಜೇಬುಗಳನ್ನು ಒಳಹೊರಗು ಮಾಡಿ, ಹೊಲಿಗೆಯ ಮೂಲೆಗೆ ವ್ಯಾಕ್ಯೂಮ್‌ನ ಸಣ್ಣ ಮೂತಿ ಹಿಡಿಯಿರಿ. ವೆಲ್ಕ್ರೋದ ಕೊಕ್ಕೆ ಇರುವ ಬದಿಯಲ್ಲಿ ಹುಲ್ಲುಬೀಜ ಸಿಕ್ಕಿಕೊಂಡಿರುತ್ತದೆ, ಅದಕ್ಕೆ ವ್ಯಾಕ್ಯೂಮ್ ಸಾಲದು, ಚಿಮುಟದಿಂದ ಒಂದೊಂದಾಗಿ ಕೀಳಬೇಕು. ಆಮೇಲೆ ಕ್ಯಾಮೆರಾ ಚೀಲದ ತಳ, ಟ್ರೈಪಾಡಿನ ಕಾಲು, ಅಪ್ಪನ ಕೋಲಿನ ರಬ್ಬರ್ ತುದಿ. ಆ ರಬ್ಬರಿನ ಗೀರುಗಳಲ್ಲಿ ಊರಿನ ಕೆಮ್ಮಣ್ಣು ಒಣಗಿ ಕೂತಿರುತ್ತದೆ. ಹೊಸ ರಬ್ಬರ್ ತುದಿ ಒಂದು ಜೊತೆಗಿಟ್ಟುಕೊಂಡು ಹಡಗಲ್ಲೇ ಹಾಕಿಬಿಟ್ಟರೆ ತಲೆನೋವೇ ಇಲ್ಲ. ಮಂಕಿಕ್ಯಾಪು ಧಾರಾಳವಾಗಿ ತನ್ನಿ, ಅದರಷ್ಟು ಕಿವಿ ಕಾಯುವುದು ಇನ್ನೊಂದಿಲ್ಲ. ಉಣ್ಣೆಯಾದ್ದರಿಂದ ಅದನ್ನೂ ಬಿಡಿಸಿ ನೋಡಿ.

ಬೂಟುಗಳಿಗೆ ಪ್ರತಿ ಸಲವೂ, ಹೋಗುವಾಗ ಬರುವಾಗ ಎರಡೂ ಹೊತ್ತು, ಉಜ್ಜಿ ತೊಳೆದು ವರ್ಕಾನ್ ಎಂಬ ಸೋಂಕುನಿವಾರಕ ದ್ರಾವಣದಲ್ಲಿ ಅದ್ದುವುದು. ಶೇಕಡಾ 1ರ ದ್ರಾವಣ, ಅಂದರೆ ಲೀಟರಿಗೆ 10 ಗ್ರಾಂ. ಗುಲಾಬಿ ಬಣ್ಣ ಮಾಸಿದರೆ ಅದರ ಬಲ ಹೋಯಿತೆಂದು ಲೆಕ್ಕ, ಬದಲಿಸುತ್ತಾರೆ. ಅಟ್ಟೆಯ ಸಂದಿಯಲ್ಲಿ ಹಿಕ್ಕೆಯೋ ಮಣ್ಣೋ ಉಳಿದಿದ್ದರೆ ಔಷಧ ಒಳಗೆ ತಲುಪುವುದಿಲ್ಲ, ಆದ್ದರಿಂದ ಉಜ್ಜುವುದೇ ಮುಖ್ಯ, ಅದ್ದುವುದು ಆಮೇಲೆ.

2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕ್ ಪರ್ಯಾಯದ್ವೀಪದಲ್ಲಿ ಸತ್ತ ಸ್ಕುವಾ ಹಕ್ಕಿಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಖಚಿತವಾಯಿತು. ಹಕ್ಕಿಜ್ವರದ ಭಯದಿಂದ ಈಗ ದಡದಲ್ಲಿ ಕೂರುವುದು, ಮಂಡಿಯೂರುವುದು, ಚೀಲ ನೆಲಕ್ಕಿಡುವುದು ಬಿಡುವುದಿಲ್ಲ. ನೆಲ ಮುಟ್ಟಬೇಕಾದ್ದು ಬೂಟು ಮಾತ್ರ. ತುಂಗಾತೀರ ಅವರೇ, ನಿಮಗೆ ಇದೇ ದೊಡ್ಡ ತೊಡಕು: ಅಪ್ಪನವರಿಗೆ ದಣಿವಾದರೆ ಕೂರಲು ಜಾಗವಿಲ್ಲ. ಕೋಲಿಗೆ ಒರಗಿ ನಿಲ್ಲಬೇಕು, ಇಲ್ಲವೇ ದೋಣಿಗೆ ಮರಳಬೇಕು. ಸ್ಟೂಲು ಒಯ್ಯಬೇಕೆಂದಿದ್ದರೆ ಲೀಡರನ್ನು ಮೊದಲೇ ಕೇಳಿ. ತಿಂಡಿ ದಡಕ್ಕೆ ನಿಷಿದ್ಧ, ಚಕ್ಕುಲಿ ಕ್ಯಾಬಿನ್ನಿನಲ್ಲೇ ಇರಲಿ.

ಉಪ್ಪುಗಾಳಿ

ಸ್ನಾನದ ತಿದ್ದುಪಡಿ ಸರಿ, ನಾನು ಅರ್ಧ ಹೇಳಿ ಬಿಟ್ಟಿದ್ದೆ.

ಉಡುಪಿನ ಬಗ್ಗೆ ಒಂದೇ ಮಾತು. ವಾಟರ್‌ಪ್ರೂಫ್ ಪ್ಯಾಂಟು ಬೂಟಿನ ಹೊರಗೆ ಬರಬೇಕು. ಬೂಟಿನೊಳಗೆ ತುರುಕಿದರೆ ಇಳಿಯುವಾಗಿನ ಅಲೆ ನೇರ ಬೂಟಿಗೇ. ಕೆಳಗೆ ಉಣ್ಣೆಯ ಒಳಪ್ಯಾಂಟು, ಜೀನ್ಸ್ ಬೇಡ. ಬೂಟು ಹಡಗಿನವರೇ ಕೊಡುವುದಾದರೆ ಅಳತೆ ಕಳಿಸುವಾಗ ಎರಡು ಕಾಲುಚೀಲದ ಲೆಕ್ಕ ಹಿಡಿದು ಕಳಿಸಿ. ಬಿಗಿಯಾದ ಬೂಟಿನಲ್ಲಿ ರಕ್ತ ಓಡದೆ ಬೆರಳು ಬೇಗ ತಣ್ಣಗಾಗುತ್ತದೆ.

ಕ್ಯಾಮೆರಾದ ಲೆನ್ಸ್ ದಡದಲ್ಲಿ ಬದಲಿಸಬೇಡಿ. ಅಲ್ಲಿಯ ಬೂದಿ ನುಣ್ಣಗಿದೆ, ಗಾಳಿಗೆ ಹಾರಿ ಸೆನ್ಸಾರ್ ಮೇಲೆ ಕೂರುತ್ತದೆ.

ಕಡಲಕಾಗೆ

ದಡದಲ್ಲಿ ಏನು ನೋಡಬೇಕು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಜನ ಮುಳುಗು ಹಾಕುವ ಗಡಿಬಿಡಿಯಲ್ಲಿ ಅದನ್ನೇ ಬಿಟ್ಟು ಬರುತ್ತಾರೆ. ಇಲ್ಲಿ ಪೆಂಗ್ವಿನ್ ಕೆಲವೇ ಕೆಲವು. ನೋಡಬೇಕಾದ್ದು ತುಕ್ಕು ಹಿಡಿದ ಕಬ್ಬಿಣ. ನಾರ್ವೆಯ ಹೆಕ್ಟರ್ ಕಂಪನಿ 1912ರಿಂದ 1931ರವರೆಗೆ ಇಲ್ಲಿ ತಿಮಿಂಗಿಲದ ಎಣ್ಣೆ ತೆಗೆಯುತ್ತಿತ್ತು. ಕೊಲ್ಲಿಯಲ್ಲಿ ಲಂಗರು ಹಾಕಿದ ಹಡಗುಗಳು ತಿಮಿಂಗಿಲದ ಕೊಬ್ಬು ಮಾತ್ರ ಸುಲಿದುಕೊಂಡು ಒಡಲನ್ನು ನೀರಿಗೆ ಬಿಡುತ್ತಿದ್ದವು. ಆ ಒಡಲುಗಳ ಮಾಂಸ ಮೂಳೆ ಬೇಯಿಸಿ ಎಣ್ಣೆ ತೆಗೆಯಲೆಂದೇ ದಡದಲ್ಲಿ ಈ ಕಾರ್ಖಾನೆ. ಸಾಲಾಗಿ ನಿಂತ ಆ ಕಬ್ಬಿಣದ ಹಂಡೆಗಳು ನಮ್ಮ ಪ್ರೆಶರ್ ಕುಕ್ಕರ್‌ನ ತತ್ವದವೇ, ಆವಿಯ ಒತ್ತಡದಲ್ಲಿ ಮೂಳೆ ಬೇಯಿಸುವವು. ಎಣ್ಣೆಯ ಬೆಲೆ ಬಿದ್ದು, ದಡದ ಹಂಗಿಲ್ಲದ ದೊಡ್ಡ ಕಾರ್ಖಾನೆ ಹಡಗುಗಳು ಬಂದಮೇಲೆ ಇದು ಮುಚ್ಚಿತು.

ಇನ್ನೊಂದು ತುದಿಯಲ್ಲಿ ಬ್ರಿಟಿಷರ ಬೇಸ್ ಬಿ, 1944ರದ್ದು. 1967ರಲ್ಲಿ ಜ್ವಾಲಾಮುಖಿ ಕೆರಳಿತು. 1969ರ ಫೆಬ್ರವರಿಯಲ್ಲಿ ಮತ್ತೆ ಸಿಡಿದಾಗ ಹಿಮ ಕರಗಿ ಬಂದ ಕೆಸರಿನ ಪ್ರವಾಹ ಬಿಸ್ಕೋ ಹೌಸ್ ಎಂಬ ಮನೆಯನ್ನು ಸೀಳಿಕೊಂಡು ಹೋಯಿತು. 35 ಜನರನ್ನು ಹೂತಿದ್ದ ಸ್ಮಶಾನವೂ ಅದೇ ಕೆಸರಿನಡಿ ಮುಚ್ಚಿಹೋಯಿತು. ಆಚೆ ವಿಮಾನದ ಶೆಡ್ ಇದೆ. ಹಳೆ ಫೋಟೋಗಳಲ್ಲಿ ಅದರ ಪಕ್ಕ ಕಾಣುವ ವಿಮಾನದ ಒಡಲನ್ನು ಹುಡುಕಬೇಡಿ, 2004ರಲ್ಲಿ ಸಾಗಿಸಿದ್ದಾರೆ. ಆಸ್ಟ್ರೇಲಿಯಾದ ಅನ್ವೇಷಕ ಹ್ಯೂಬರ್ಟ್ ವಿಲ್ಕಿನ್ಸ್ 1928ರ ನವೆಂಬರ್ 16ರಂದು ಅಂಟಾರ್ಕ್ಟಿಕಾದ ಮೊದಲ ವಿಮಾನ ಹಾರಾಟ ಮಾಡಿದ್ದು ಇಲ್ಲಿಂದಲೇ.

ಕಟ್ಟಡಗಳ ಒಳಗೆ ಕಾಲಿಡುವಂತಿಲ್ಲ. ಛಾವಣಿ ಯಾವಾಗ ಬೀಳುತ್ತದೆಂದು ಹೇಳಲಾಗದು, ಆಸ್ಬೆಸ್ಟಾಸ್ ಬೇರೆ ಇದೆ. ಗಾಳಿ ಜೋರಾದರೆ ಬಿಡಿ ತಗಡು ಹಾರುತ್ತದೆ, ಹಾಗಾದಾಗ ಕಟ್ಟಡಗಳಿಂದ ದೂರವೇ ಇರಿ. ಮರಳಲ್ಲಿ ಅರ್ಧ ಹೂತ ಪೀಪಾಯಿಯ ಹಲಗೆ, ತಿಮಿಂಗಿಲದ ಮೂಳೆ, ಮೊಳೆ, ಯಾವುದನ್ನೂ ಎತ್ತಬಾರದು. ಇಡೀ ಜಾಗ ಸಂರಕ್ಷಿತ ಐತಿಹಾಸಿಕ ತಾಣ. ಕ್ರೋನರ್ ಕೆರೆಯ ಕಡೆ ವಿಶೇಷ ಸಂರಕ್ಷಿತ ಪ್ರದೇಶ, ಗೈಡು ನೆಟ್ಟ ಬಾವುಟ ದಾಟಬೇಡಿ.

ಪ್ರಾಣಿಗಳಿಂದ 5 ಮೀಟರ್ ದೂರ, ಫರ್ ಸೀಲ್ ಆದರೆ 15. ಫೆಬ್ರವರಿಯಲ್ಲಿ ಫರ್ ಸೀಲ್ ಇರುವ ಸಂಭವ ಹೆಚ್ಚು, ಹಂಡೆಗಳ ನೆರಳಲ್ಲಿ ಮಲಗಿದ್ದರೆ ಕಬ್ಬಿಣದ ಬಣ್ಣಕ್ಕೂ ಅದರ ಬಣ್ಣಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ನುಗ್ಗಿ ಬಂದರೆ ಓಡಬಾರದು, ಓಡಿದರೆ ಬೆನ್ನಟ್ಟುತ್ತದೆ. ನಿಂತಲ್ಲೇ ನಿಂತು ಕೈ ಅಗಲಿಸಿ, ಜೋರಾಗಿ ಚಪ್ಪಾಳೆ ತಟ್ಟಿ, ಅದು ನಿಂತಮೇಲೆ ಮುಖ ತಿರುಗಿಸದೆ ಹಿಂದಕ್ಕೆ ಸರಿಯಿರಿ.

ದಡದ ಪೂರ್ವದ ತುದಿಯಲ್ಲಿ ಗುಡ್ಡದ ಸಾಲಿನಲ್ಲಿ ಒಂದು ಬಿರುಕು, ನೆಪ್ಚೂನ್ಸ್ ವಿಂಡೋ. ಕೊನೆಯ ಏರು ಕಡಿದು, ಪುಡಿಕಲ್ಲು ಜಾರುತ್ತದೆ, ಮೇಲಿನ ಅಂಚು ಸಡಿಲ, ಆಚೆ ನೇರ ಪ್ರಪಾತ. ನೀವು ಹೋಗಿ ಬನ್ನಿ. ಅಪ್ಪನವರು ಹಂಡೆಗಳ ಕಡೆ ಸಮತಟ್ಟಿನಲ್ಲಿ ನಿಧಾನವಾಗಿ ನಡೆಯಲಿ, ಅವರ ಒಂದು ಕಿಲೋಮೀಟರ್ ಅಲ್ಲಿಗೆ ಧಾರಾಳ ಸಾಕು.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಗ್ಯಾಂಗ್‌ವೇ ಬಗ್ಗೆ ಇವತ್ತೇ ಇಮೇಲ್ ಹಾಕುತ್ತೇನೆ. ಇನ್ನೊಂದು ಅನುಮಾನ: ಇಳಿದಿರುವಾಗಲೇ ಜ್ವಾಲಾಮುಖಿ ಎದ್ದರೆ?

ಉಪ್ಪುಗಾಳಿ

ಬೇಸಿಗೆಯಲ್ಲಿ ಅಲ್ಲಿ ಸ್ಪೇನ್ ಮತ್ತು ಅರ್ಜೆಂಟೀನಾದ ನೆಲೆಗಳು ಕೆಲಸ ಮಾಡುತ್ತವೆ. ಭೂಕಂಪನ ಅಳೆದು ಬಣ್ಣದ ಲೆಕ್ಕದಲ್ಲಿ ಎಚ್ಚರಿಕೆ ಕೊಡುತ್ತಾರೆ. ಹಸಿರು ಇಲ್ಲದಿದ್ದರೆ ಹಡಗು ಒಳಗೆ ಬರುವ ಮುಂಚೆಯೇ ಯೋಚಿಸುತ್ತದೆ. ದಡದಲ್ಲಿರುವಾಗ ಹಡಗಿನ ಹಾರ್ನ್ ಕೇಳಿದರೆ ಫೋಟೋ, ಚೀಲ ಎಲ್ಲ ಬಿಟ್ಟು ಗೈಡು ತೋರಿಸಿದ ಕಡೆ ನಡೆಯಿರಿ. ದೋಣಿಯ ಕಡೆಗೋ ಎತ್ತರಕ್ಕೋ ಅನ್ನುವುದನ್ನು ಅವರೇ ಹೇಳುತ್ತಾರೆ. ಆ ಹಾರ್ನ್ ಹೇಗಿರುತ್ತದೆ ಅಂತ ಹಿಂದಿನ ಸಂಜೆಯ ಬ್ರೀಫಿಂಗ್‌ನಲ್ಲಿ ಅಪ್ಪನಿಗೂ ಕೇಳಿಸಿಕೊಳ್ಳಲು ಹೇಳಿ, ಮಂಕಿಕ್ಯಾಪಿನೊಳಗಿಂದಲೂ ಗುರುತು ಹಿಡಿಯಬೇಕಲ್ಲ.