ಹಳದಿ ರಿಬ್ಬನ್ ಕಟ್ಟಿದ ಗಿಡದ ಹಣ್ಣು, ಏನ್ ಮಾಡ್ಲಿ?

ನವಲೂರ ಹುಡುಗ:
ಜರ್ಮನಿಯ ಸ್ಟುಟ್‌ಗಾರ್ಟ್ ಹತ್ರ ಸಣ್ಣ ಊರಾಗ ಅದೀನ್ರಿ. ಎರಡು ವರ್ಷ ಸೂಪರ್‌ಮಾರ್ಕೆಟ್ ಬಾಳಿಹಣ್ಣು ತಿಂದ ದಿನಾ ದೂಡೇನಿ. ಈ ಅಕ್ಟೋಬರ್‌ದಾಗ ಸೈಕಲ್ ಮ್ಯಾಲ ಹೊಂಟಾಗ ಹೊಲದ ದಂಡಿ ಗಿಡಕ್ಕ ಹಳದಿ ರಿಬ್ಬನ್ ಸುತ್ತಿದ್ರು. ಯಾರೋ ಹರಕಿ ಕಟ್ಟ್ಯಾರಂತ ಕೈ ಮುಗದು ಬಂದೆ. ಮನಿ ಮಾಲಕಿ ಅಜ್ಜಿ ಬಿದ್ದ ಬಿದ್ದ ನಕ್ಕಳು. ರಿಬ್ಬನ್ ಇದ್ರ ‘ಯಾರು ಬೇಕಾದ್ರೂ ಹರಕೊಳ್ರಿ, ರೊಕ್ಕ ಬ್ಯಾಡ’ ಅಂತ ಗಿಡದ ಮಾಲಕರು ಹೇಳಿದಂಗಂತ.

ಮರುದಿನ ಚೀಲ ತುಂಬಿಕೊಂಡ ಬಂದೆ. ಹೆಸರು ಕ್ವಿಟ್ಟೆ, ಇಂಗ್ಲಿಷಿನಾಗ ಕ್ವಿನ್ಸ್. ಹಳದಿ ಬಣ್ಣ, ಮ್ಯಾಲ ಬೂದಿ ಬಣ್ಣದ ಸಣ್ಣ ಕೂದಲ, ಅರಬೀಲೆ ಒರಸಿದ್ರ ಹೋಗತೈತಿ. ವಾಸನಿ ಅಂದ್ರ, ನಮ್ಮ ಪಡಸಾಲ್ಯಾಗ ಪೇರಲ ಬುಟ್ಟಿ ಇಳಿಸಿದಂಗ! ಅದ ಧೈರ್ಯದ ಮ್ಯಾಲ ಉಪ್ಪು ಖಾರ ಹಚ್ಚಿ ಕಡದೆ. ಹಲ್ಲ ನಾಟಲಿಲ್ಲ. ನಾಟಿದಷ್ಟಕ್ಕ ನಾಲಿಗಿ ಒಗರಾಗಿ ಒಣಾ ತೊಗಲಾತು. ಇನ್ನೂ ಮೂರು ಕೆಜಿ ಕುಂತಾವ. ಯಾರರ ಮಾಡೀರೇನ್ರಿ?

ಹಳೇ ಹುಬ್ಬಳ್ಳಿ ಫೌಜಿ:
ಶ್ರೀನಗರದಾಗ ನಾವೂ ಹಿಂಗ ಕಡದು ಮಾರಿ ಕಿವಚಿದವರ. ಅಲ್ಲಿ ಬಮ್‌ಚೂಂಠ್ ಅಂತಾರ, ಬದನಿಕಾಯಿ ಕೂಡ ಖಾರಾ ಹಾಕಿ ಪಲ್ಯಾ ಮಾಡ್ತಾರ. ರೊಟ್ಟಿಗೆ ಛಲೋ ಹೊಂದತೈತಿ. ಬೀಜ ಅಗದು ನುಂಗಬ್ಯಾಡ ಮತ್ತ.

ದೇಸಾಯಿ ಕ್ರಾಸ್:
ಇಷ್ಟ್ಯಾಕ ತ್ರಾಸು? ಇಂಡಿಯನ್ ಅಂಗಡ್ಯಾಗ ಪೇರಲನ ಸಿಗ್ತಾವಲ್ಲ.

ನವಲೂರ ಹುಡುಗ:
ಸಿಗ್ತಾವ್ರಿ ಅಣ್ಣಾರ. ವಿಮಾನ ಹತ್ತಿ ಬಂದ ಪೇರಲಕ್ಕ ವಾಸನಿನ ಇರಂಗಿಲ್ಲ.

ಮಾಳಮಡ್ಡಿ ಕಾಕು:
ತಮ್ಮಾ, ಮಾವಿನಕಾಯಿ ಹಸೀದ ತಿಂದು ಗುಳಂಬ ಹೆಂಗದ ಅಂತ ಹೇಳಲಿಕ್ಕೆ ಬರ್ತದೇನೋ? ನಡುವಿನ ಗಟ್ಟಿ, ಬೀಜ ತಗದು ತುರಿ. ಮೊದಲ ಬರೇ ನೀರಾಗ ಮೆತ್ತಗ ಬೇಯಿಸು. ಅವಸರಾ ಮಾಡಿ ಮೊದಲ ಬೆಲ್ಲಾ ಹಾಕಿದ್ರ ತುರಿ ಬಿರುಸ ಉಳೀತದ. ಆಮ್ಯಾಲ ಬೆಲ್ಲಾ, ಯಾಲಕ್ಕಿ, ಒಂದು ಲಿಂಬಿಹಣ್ಣು ಹಿಂಡು. ಸಣ್ಣ ಉರಿ. ಕೈ ಬಿಡಬ್ಯಾಡ, ತಳಾ ಹತ್ತತದ.

ನವಲೂರ ಹುಡುಗ:
ಕಾಕು, ಆತ್ರಿ! ಬೆಲ್ಲ ಅರ್ಧಾ ಕೆಜಿನ ಇತ್ತು, ಉಳದದ್ದಕ್ಕ ಸಕ್ಕರಿ ಹಾಕಿ ಬ್ಯಾರೆ ಪಾತೇಲ್ಯಾಗ ಇಟ್ಟೆ. ಬೆಲ್ಲದ್ದು ಥೇಟ್ ನಮ್ಮ ಗುಳಂಬ. ಸಕ್ಕರೀದು ಎರಡು ತಾಸಿಗೆ ಕೆಂಪಗಾತು, ನಾ ಬಣ್ಣಾ ಏನೂ ಹಾಕಿಲ್ಲ! ಒಗರು ಎಲ್ಲಿ ಹೋತೋ ಏನೋ. ಎರಡೂ ತಾನಾಗೇ ಗಟ್ಟಿ ಆದ್ವು.

ಅಜ್ಜಿಗೆ ಒಂದು ಬಾಟ್ಲಿ ಕೊಟ್ಟೆ. ಬೆಲ್ಲದ್ದನ್ನ ಬ್ರೆಡ್ಡಿಗೆ ಹಚ್ಚಿ ತಿಂದು, ‘ಗುಲಾಂಬಾ’ ಅಂತ ಚೀಟಿ ಬರದು ಅಂಟಿಸ್ಯಾಳ. ಚಳಿಗೆ ಮಂಜು ಬಿದ್ದ ಮ್ಯಾಲ ಮಿಸ್ಪೆಲ್ ಅಂತ ಇನ್ನೊಂದು ಹಣ್ಣು ತೋರಸ್ತಾಳಂತ, ಕಂದಾಗಿ ಕೊಳತಂಗ ಮೆತ್ತಗಾದ ಮ್ಯಾಲನ ತಿನ್ನೂದಂತ. ಕಾಕು, ಅದಕ್ಕೇನ್ ಮಾಡೂದ್ರಿ?