ಕನ್ನಡ ಪದ ಬೇಕು: ಲಿಂಫೋಸೈಟ್, ಮ್ಯುಟೇಷನ್, ಪ್ರೊಗ್ನೋಸಿಸ್

ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ಸ್ತನ ಕ್ಯಾನ್ಸರ್ ತಪಾಸಣೆ ಶಿಬಿರಕ್ಕೆ ಕರಪತ್ರ ಮಾಡುತ್ತಿದ್ದೇನೆ. ಮಲಯಾಳದ್ದು ಪ್ರೆಸ್ಸಿಗೆ ಹೋಗಿ ಆಯಿತು. ಕನ್ನಡದ್ದು ನಾಳೆ ಬೆಳಗ್ಗೆ ಕೊಡಬೇಕು. ಎರಡು ಕಡೆ ಸಿಕ್ಕಿಬಿದ್ದಿದ್ದೇನೆ.

ಒಂದು: ಟ್ರಿಪಲ್ ನೆಗೆಟಿವ್, ಅಂದರೆ ಮೂರು ಮುಖ್ಯ ಗುರುತುಗಳ ಪರೀಕ್ಷೆಯೂ ನೆಗೆಟಿವ್ ಬಂದ ಬಗೆಯಲ್ಲಿ ಗಡ್ಡೆಯೊಳಗೆ ಲಿಂಫೋಸೈಟುಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಜಾಸ್ತಿ ಹೊಕ್ಕಿದ್ದರೆ ಪ್ರೊಗ್ನೋಸಿಸ್, ಅಂದರೆ ರೋಗ ಮುಂದೆ ಹೇಗೆ ಸಾಗೀತು ಅನ್ನುವ ಅಂದಾಜು, ಸಾಮಾನ್ಯವಾಗಿ ಉತ್ತಮ. ಇನ್ನೊಂದು: ಬಿಆರ್‌ಸಿಎ1, ಬಿಆರ್‌ಸಿಎ2 ಜೀನುಗಳ ಮ್ಯುಟೇಷನ್, ಅಂದರೆ ಜೀನಿನಲ್ಲಿ ಆದ ಬದಲಾವಣೆ, ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು, ಟಿಪಿ53, ಪಿಐಕೆ3ಸಿಎ ಜೀನುಗಳ ಮ್ಯುಟೇಷನ್‌ಗಳು ಹೆಚ್ಚಾಗಿ ಗಡ್ಡೆಯಲ್ಲೇ ಹುಟ್ಟುವಂಥವು.

ನಾನು ದುಗ್ಧಕಣ, ರೂಪಾಂತರ, ರೋಗಮುನ್ನರಿವು ಅಂತ ಬರೆದೆ. ಅಮ್ಮನಿಗೆ ಓದಿ ಹೇಳಿದೆ. ದುಗ್ಧಕಣ ಅಂದರೆ ಹಾಲಿನ ಕಣವಾ ಅಂತ ಕೇಳಿದರು. ರೂಪಾಂತರ ಅಂದದ್ದಕ್ಕೆ ಕೊರೊನಾ ಪುನಃ ಬಂತಾ ಅಂದರು.

ಮಂಜೇಶ್ವರದಿಂದ:

ರೋಗಮುನ್ನರಿವು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ ಸಮಾಸ. ನಡೆಯುವುದಿಲ್ಲ. ವ್ಯಾಕರಣಕಾರ ಕೇಶಿರಾಜ ವಿನಾಯಿತಿ ಕೊಟ್ಟದ್ದು ಬಿರುದಾವಳಿಯಂಥದಕ್ಕೆ, ಕರಪತ್ರಕ್ಕಲ್ಲ. ಬರೀ ಮುನ್ನರಿವು ಸಾಕು. ಗ್ರೀಕಿನ ಪ್ರೊ, ಗ್ನೋಸಿಸ್ ಎರಡಕ್ಕೂ ಮುನ್, ಅರಿವು ಸರಿಯಾಗಿ ಕೂರುತ್ತವೆ. ದುಗ್ಧ ಬೇಡ. ಲ್ಯಾಟಿನ್ನಿನ ಲಿಂಫಾ ಅಂದರೆ ತಿಳಿನೀರು. ಆದ್ದರಿಂದ ತಿಳಿನೀರ್ಕಣ. ಮ್ಯುಟೇಷನ್‌ಗೆ ಮಾರ್ಪು.

ಕುಂಬಳೆಯಿಂದ:

ಮಾಷ್ಟ್ರೇ, ತಿಳಿನೀರ್ಕಣ ಅಂದರೆ ನನಗೇ ತಿಳಿಯಲಿಲ್ಲ, ಲ್ಯಾಬಿನಲ್ಲಿ ಕೆಲಸ ಮಾಡಿದವಳು ನಾನು. ದುಗ್ಧಕ್ಕೆ ಕಾರಣ ಉಂಟು. ಕೊಬ್ಬಿನ ಊಟ ಆದ ಮೇಲೆ ಕರುಳಿನಿಂದ ಹೊರಡುವ ಲಿಂಫ್ ಎಂಬ ದ್ರವ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಆದರೆ ಸ್ತನದ ವಿಷಯದಲ್ಲಿ ದುಗ್ಧಗ್ರಂಥಿ ಅಂದರೆ ಕಂಕುಳಿನ ಗಂಟು ಅಂತ ಯಾರೂ ಓದುವುದಿಲ್ಲ. ಹಾಲಿನ ಗ್ರಂಥಿ ಅಂತಲೇ ಓದುತ್ತಾರೆ.

ಮಲಯಾಳದ ಲಸಿಕವನ್ನು ಸುಮ್ನೆ ಎತ್ತಿಕೊಳ್ಳಲೂ ಬೇಡಿ. ಅವರಿಗೆ ಅದು ಲಿಂಫ್, ನಮಗೆ ಲಸಿಕೆ ಅಂದರೆ ವ್ಯಾಕ್ಸಿನ್. ಹಿಂದೆ ಒಂದು ಫಲಕದಲ್ಲಿ ಲಸಿಕಾಗ್ರಂಥಿ ಪರೀಕ್ಷೆ ಅಂತ ಬರೆದಿದ್ದರು. ಚುಚ್ಚುಮದ್ದು ಹಾಕಿಸಬೇಕು ಅಂತ ಮಕ್ಕಳನ್ನು ಎತ್ತಿಕೊಂಡು ಬಂದವರನ್ನು ನಾನೇ ವಾಪಸು ಕಳಿಸಿದ್ದೇನೆ.

ಮ್ಯುಟೇಷನ್ನಿಗೆ ಏನೇ ಹಾಕಿ, ವಂಶವಾಹಿ ದೋಷ ಅಂತ ಮಾತ್ರ ಬೇಡ. ಗಡ್ಡೆಯ ಕೋಶದಲ್ಲಿ ಮಾತ್ರ ಆದ ಬದಲಾವಣೆಗೆ ವಂಶದ ಹೆಸರು ಅಂಟಿಸಿದರೆ ಮಗಳ ಮದುವೆಯ ಮಾತೇ ನಿಂತುಹೋದೀತು. ಸ್ತನ ಕ್ಯಾನ್ಸರಿನಲ್ಲಿ ವಂಶದಿಂದ ಬರುವುದು ಶೇಕಡಾ 5ರಿಂದ 10ರಷ್ಟು ಮಾತ್ರ. ಜೀನ್ ಅಂತಲೇ ಇರಲಿ.

ಮಂಜೇಶ್ವರದಿಂದ:

ಜೀನ್, ಲಿಂಫ್, ಕ್ಯಾನ್ಸರ್. ಎಲ್ಲವನ್ನೂ ಹೊರಗಿನಿಂದ ತಂದರೆ ಕನ್ನಡದ್ದು ಅಂತ ಏನು ಉಳಿಯಿತು? ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇಲ್ಲಿ ಒಂದೊಂದು ಕನ್ನಡ ಬೋರ್ಡಿಗೂ ಹೋರಾಡಿದವರು ನಾವು. ತುಪ್ಪಕ್ಕೆ ಎಣ್ಣೆ ಬೆರೆಸಬಾರದು ಅಂತ 12ನೆಯ ಶತಮಾನದಲ್ಲೇ ಕವಿ ನಯಸೇನ ಹೇಳಿದ್ದಾನೆ.

ಕುಂಬಳೆಯಿಂದ:

ನಯಸೇನ ಬೇಡ ಅಂದದ್ದು ಸಂಸ್ಕೃತದ ಬೆರಕೆಯನ್ನು. ಊರವರ ಬಾಯಲ್ಲಿರುವ ಪದವನ್ನಲ್ಲ. ಕ್ಯಾನ್ಸರ್ ಈಗ ಊರವರ ಮಾತು. ಮಾರ್ಪು ಯಾರ ಮನೆಯಲ್ಲಿ ಉಂಟು, ಹೇಳಿ. ಬಿಳಿ ರಕ್ತಕಣವೂ ಅರಿಸಮಾಸವೇ, ಆದರೂ ಶಾಲೆ ಮಕ್ಕಳಿಂದ ಹಿಡಿದು ಎಲ್ಲರಿಗೂ ಗೊತ್ತು. ಬೋರ್ಡಿಗೆ ಹೋರಾಡಿದ್ದು ಜನ ಓದಲಿ ಅಂತಲೇ ಅಲ್ವಾ?

ಬದಿಯಡ್ಕದಿಂದ:

ಇಬ್ಬರಿಂದಲೂ ತುಂಬಾ ಉಪಕಾರವಾಯಿತು. ಪ್ರೆಸ್ಸಿಗೆ ಕೊಟ್ಟದ್ದು ಹೀಗೆ: ಟ್ರಿಪಲ್ ನೆಗೆಟಿವ್ ಬಗೆಯಲ್ಲಿ ಗಡ್ಡೆಯೊಳಗೆ ಕಾವಲು ಕಣಗಳು, ಅಂದರೆ ರೋಗದ ಜತೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು ಜಾಸ್ತಿ ಇದ್ದರೆ ಗುಣವಾಗುವ ಸಾಧ್ಯತೆ ಸಾಮಾನ್ಯವಾಗಿ ಜಾಸ್ತಿ. ಬಿಆರ್‌ಸಿಎ ಜೀನಿನ ಬದಲಾವಣೆ ಅಪ್ಪನಿಂದಲೋ ಅಮ್ಮನಿಂದಲೋ ಬಂದಿರಬಹುದು. ಗಡ್ಡೆಯಲ್ಲಿ ಮಾತ್ರ ಹುಟ್ಟಿದ ಬದಲಾವಣೆ ಮಕ್ಕಳಿಗೆ ಹೋಗುವುದಿಲ್ಲ.

ಟ್ರಿಪಲ್ ನೆಗೆಟಿವ್ ಪದವನ್ನು ಹಾಗೆಯೇ ಇಟ್ಟೆ. ರಿಪೋರ್ಟಿನಲ್ಲಿ ಇರುವುದೂ ಅದೇ. ಮಾಷ್ಟ್ರೇ, ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆಗಳಿಗೆ ಮುನ್ನರಿವು ಅಂತಲೇ ತಲೆಬರಹ ಹಾಕಿದ್ದೇನೆ, ಚೆನ್ನಾಗಿ ಕೂತಿದೆ.

ಅಮ್ಮನಿಗೆ ಮತ್ತೆ ಓದಿದೆ. ಈ ಸಲ ಅವರು ಕೇಳಿದ್ದು, "ಅಪ್ಪನ ಕಡೆಯಿಂದಲೂ ಬರ್ತದಾ?"