‘ಎ ಪ್ಯಾಶನ್ ಪ್ಲೇ’ಗೆ ಮತ್ತೊಮ್ಮೆ ಕಿವಿಗೊಡಬೇಕೇ? ಕೇಳಿದವರ ಅನುಭವಗಳು

ಪ್ರಶ್ನೆ, ಧಾರವಾಡದಿಂದ

ಬ್ರಿಟನ್ನಿನ ರಾಕ್ ಸಂಗೀತ ತಂಡ ಜೆಥ್ರೋ ಟಲ್‌ನ ‘ಥಿಕ್ ಆ್ಯಸ್ ಎ ಬ್ರಿಕ್’ ಆಲ್ಬಮ್ ಕಾಲೇಜು ದಿನಗಳಿಂದಲೂ ನನಗೆ ಪ್ರಾಣ. ಆದರೆ ಅದರ ಮರುವರ್ಷ, 1973ರಲ್ಲಿ ಬಂದ ‘ಎ ಪ್ಯಾಶನ್ ಪ್ಲೇ’ ಇಂದಿಗೂ ನನಗೆ ಒಲಿದಿಲ್ಲ. ಎರಡು ಸಲ ಮೊಬೈಲ್‌ನಲ್ಲಿ ಹಾಕಿಕೊಂಡೆ. ಎರಡೂ ಸಲ, ನಡುವೆ ಬರುವ ಕನ್ನಡಕ ಕಳೆದುಕೊಂಡ ಮೊಲದ ಕಥೆ ಶುರುವಾದಾಗ ನಿಲ್ಲಿಸಿಬಿಟ್ಟೆ. ಈಗ ಪರಿಚಿತರೊಬ್ಬರು ತಮ್ಮ ಸಂಗ್ರಹವನ್ನು ಮಾರುತ್ತಿದ್ದಾರೆ. ಅದರಲ್ಲಿ ಈ ಆಲ್ಬಮ್‌ನ 2014ರ ವಿಶೇಷ ಆವೃತ್ತಿ ಇದೆ: ಎರಡು ಸಿಡಿ, ಎರಡು ಡಿವಿಡಿ, ಜೊತೆಗೆ ದಪ್ಪನೆಯ ಪುಸ್ತಕ. ಕೊಳ್ಳಬೇಕೇ? ಕೊಂಡರೆ ಯಾವ ಡಿಸ್ಕ್‌ನಿಂದ ಶುರು ಮಾಡಬೇಕು? ನನ್ನ ಬಳಿ ಇರುವುದು ಸಾಧಾರಣವಾದ ಎರಡು ಸ್ಪೀಕರ್‌ಗಳು ಮಾತ್ರ. ಇದನ್ನು ಕೇಳಿ ಅರಗಿಸಿಕೊಂಡವರು ದಯವಿಟ್ಟು ಹೇಳಿ.

ಮೈಸೂರಿನಿಂದ

ಕೊಳ್ಳಿ, ಹಿಂದೆಮುಂದೆ ನೋಡಬೇಡಿ. ನಾನೂ ಆ ಮೊಲದ ಕಥೆಯ ಹತ್ತಿರ ಬಂದು ಹತ್ತು ವರ್ಷ ಕೈಬಿಟ್ಟವನೇ. ಆಮೇಲೆ ಗೊತ್ತಾಯಿತು, ನಾನು ನಾಟಕವನ್ನು ಹಾಡುಗಳ ಕಂತೆಯೆಂದು ತಿಳಿದು ಕೇಳುತ್ತಿದ್ದೆ. ಸುಮಾರು 45 ನಿಮಿಷ ಎಲ್ಲಿಯೂ ಕಡಿಯದೆ ಹರಿಯುವ ಒಂದೇ ಕೃತಿ ಇದು. ಮೂಲ ಎಲ್‌ಪಿಯ ಒಳಗೆ ರಂಗಮಂದಿರವೊಂದರ ಕಾರ್ಯಕ್ರಮ ಪತ್ರಿಕೆಯ ಮಾದರಿಯನ್ನೇ ಇಟ್ಟಿದ್ದರು, ಅದರಲ್ಲಿ ತಂಡದವರೆಲ್ಲ ನಟರು. ಹೊದಿಕೆಯ ಮೇಲೆ ಬಾಯಂಚಿನಲ್ಲಿ ರಕ್ತ ಜಿನುಗುತ್ತಾ ರಂಗದ ಮೇಲೆ ಬಿದ್ದಿರುವ ಬ್ಯಾಲೆ ನರ್ತಕಿ. ಹೀಗೆ ಕೇಳು ಎಂದು ಅವರು ಮೊದಲೇ ಹೇಳಿದ್ದರು, ನಾನು ಗಮನಿಸಿರಲಿಲ್ಲ ಅಷ್ಟೇ.

ಕಥೆ ಸ್ಥೂಲವಾಗಿ ಹೀಗಿದೆ. ರಾನಿ ಪಿಲ್ಗ್ರಿಮ್ ಎಂಬಾತ ಸತ್ತಿದ್ದಾನೆ. ತನ್ನ ಅಂತ್ಯಸಂಸ್ಕಾರವನ್ನು ತಾನೇ ನಿಂತು ನೋಡುತ್ತಾನೆ. ಅಲ್ಲಿಂದ ಅವನನ್ನು ಒಂದು ಕೋಣೆಗೆ ಕರೆದೊಯ್ದು, ಅವನ ಬದುಕನ್ನೆಲ್ಲ ಚಲನಚಿತ್ರದಂತೆ ತೋರಿಸಿ ವಿಚಾರಣೆ ಮಾಡುತ್ತಾರೆ. ಸ್ವರ್ಗ ಸಿಗುತ್ತದೆ, ಆದರೆ ಅಲ್ಲಿ ಅವನಿಗೆ ಉಸಿರುಗಟ್ಟುತ್ತದೆ. ನರಕಕ್ಕೆ ಹೋಗುತ್ತಾನೆ, ಅಲ್ಲಿಯೂ ನಿಲ್ಲಲಾರ. ಕೊನೆಗೆ ಎರಡನ್ನೂ ಬಿಟ್ಟು ಮತ್ತೆ ಹುಟ್ಟಿಬರುವ ದಾರಿ ಹಿಡಿಯುತ್ತಾನೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಸಾಹಿತ್ಯದ ಹಾಳೆಯನ್ನು ಕೈಯಲ್ಲಿ ಹಿಡಿದು, ದೀಪ ಹಾಕಿಕೊಂಡೇ ಒಮ್ಮೆ ಕೇಳಿ. ಕಣ್ಣು ಮುಚ್ಚಿ ಕೇಳುವ ಸುಖ ಮೂರನೆಯ ಸಲಕ್ಕೆ ಇರಲಿ.

ಇನ್ನು ಈ ಆವೃತ್ತಿಯ ವಿಷಯ. ಹಳೆಯ ಸಿಡಿಯಲ್ಲಿ ಆರ್ಗನ್, ಸಿಂಥಸೈಜರ್, ಸ್ಯಾಕ್ಸೋಫೋನ್, ಗಿಟಾರ್ ಎಲ್ಲವೂ ಒಂದೇ ಬಾಗಿಲಲ್ಲಿ ಏಕಕಾಲಕ್ಕೆ ನುಗ್ಗುವ ಜನರಂತೆ ನನಗೆ ಕೇಳಿಸುತ್ತಿದ್ದವು. ಪೋರ್ಕುಪೈನ್ ಟ್ರೀ ತಂಡದ ಸ್ಟೀವನ್ ವಿಲ್ಸನ್ ಮೂಲ ಮಲ್ಟಿಟ್ರ್ಯಾಕ್ ಟೇಪ್‌ಗಳಿಗೆ ಹಿಂದಿರುಗಿ, ಒಂದೊಂದು ವಾದ್ಯವನ್ನೂ ಬಿಡಿಯಾಗಿ ತೆಗೆದುಕೊಂಡು ಹೊಸದಾಗಿ ಮಿಶ್ರಣ ಮಾಡಿದ್ದಾರೆ. ಹಳೆಯ ಮಿಶ್ರಣಕ್ಕೆ ಹೊಳಪು ಕೊಡುವ ಮರುಮಾಸ್ಟರಿಂಗ್ ಬೇರೆ, ಇದು ಬೇರೆ. ಜೆಫ್ರಿ ಹ್ಯಾಮಂಡ್ ಅವರ ಬೇಸ್ ಗಿಟಾರ್ ಏನು ಮಾಡುತ್ತಿದೆ ಎಂಬುದು ನನಗೆ ಮೊದಲ ಬಾರಿಗೆ ತಿಳಿದದ್ದು ಇದರಲ್ಲಿ. ಬ್ಯಾರಿಮೋರ್ ಬಾರ್ಲೋ ಅವರ ಡ್ರಮ್ ಅಂತೂ ಕೋಣೆಯ ಒಂದು ಮೂಲೆಯಲ್ಲಿ ಜಾಗ ಮಾಡಿಕೊಂಡು ಕುಳಿತಂತೆ ಕೇಳುತ್ತದೆ. ಆರಂಭದ ಎದೆಬಡಿತ ಎಲ್ಲಿಂದಲೋ ಬಂದು ಮೆಲ್ಲನೆ ಹತ್ತಿರವಾಗುತ್ತದೆ. ನಿಮ್ಮ ಎರಡು ಸ್ಪೀಕರ್‌ಗಳು ಇದಕ್ಕೆ ಧಾರಾಳವಾಗಿ ಸಾಕು.

ಒಂದು ಜಾಗವನ್ನು ವಿಶೇಷವಾಗಿ ಹೇಳಲೇಬೇಕು. ‘ದಿ ಫೂಟ್ ಆಫ್ ಅವರ್ ಸ್ಟೇರ್ಸ್’ ಎಂಬ ಭಾಗದಲ್ಲಿ, 1973ರಲ್ಲಿ ಕತ್ತರಿಸಿ ತೆಗೆದಿದ್ದ ಎರಡು ಚರಣಗಳನ್ನು ಈ ಆವೃತ್ತಿಯಲ್ಲಿ ಮತ್ತೆ ಸೇರಿಸಿದ್ದಾರೆ. ಪಿಲ್ಗ್ರಿಮ್ ಸ್ವರ್ಗ ಸಾಕಪ್ಪಾ ಎಂದು ಹೊರಡುವ ಜಾಗ ಅದು. ಹಳೆಯದರಲ್ಲಿ ಅವನು ಏಕೆ ಅಷ್ಟು ಅವಸರದಲ್ಲಿ ಸ್ವರ್ಗವನ್ನು ಬಿಟ್ಟನೆಂದು ನನಗೆ ಎಂದೂ ಸ್ಪಷ್ಟವಾಗಿರಲಿಲ್ಲ. ಮೊದಲ ಸಲ ಆ ಚರಣಗಳು ಬಂದಾಗ ನಾನು ಹಾಳೆಯಲ್ಲಿ ಸಾಲು ತಪ್ಪಿತೆಂದುಕೊಂಡು ಬೆರಳಿಟ್ಟು ಹುಡುಕಿದೆ. ಬಾಯಿಪಾಠವಾಗಿದ್ದ ಪದ್ಯದಲ್ಲಿ ಕಾಣದ ಎರಡು ಸಾಲು ಎದುರಾದಂತೆ ಆಯಿತು. ಆ ರಾತ್ರಿ ಆ ಒಂದು ಭಾಗವನ್ನೇ ನಾಲ್ಕು ಸಲ ಹಾಕಿದೆ.

ಶಿವಮೊಗ್ಗದಿಂದ

ಮೇಲಿನವರ ಉತ್ಸಾಹವನ್ನು ಗೌರವಿಸಿಯೇ ಬೇರೆ ಮಾತು ಹೇಳುತ್ತೇನೆ. ನನ್ನ ಬಳಿ ಚಿಕ್ಕಪ್ಪನಿಂದ ಬಂದ ಹಳೆಯ ಎಲ್‌ಪಿ ಇದೆ, ವಿಶೇಷ ಆವೃತ್ತಿಯೂ ಇದೆ. ಹಳೆಯ ಮಿಶ್ರಣದಲ್ಲಿ ವಾದ್ಯಗಳು ಒಟ್ಟಿಗೆ ನುಗ್ಗುವ ಆ ಇಕ್ಕಟ್ಟು ದೋಷವೆಂದು ನಾನು ಒಪ್ಪುವುದಿಲ್ಲ. ಸತ್ತವನೊಬ್ಬ ಗಾಬರಿಯಲ್ಲಿ ಓಡಾಡುವ ಕಥೆಗೆ ಆ ಒತ್ತಡ ಬೇಕು. ವಿಲ್ಸನ್ ಎಲ್ಲವನ್ನೂ ಶುಚಿ ಮಾಡಿ ಅಚ್ಚುಕಟ್ಟಾಗಿ ಜೋಡಿಸಿದಾಗ ನರಕದ ಭಾಗದ ಭಯ ಸ್ವಲ್ಪ ಕಡಿಮೆಯಾಯಿತೆಂದೇ ನನ್ನ ಭಾವನೆ. ಅದೃಷ್ಟಕ್ಕೆ ಈ ಆವೃತ್ತಿಯ ಡಿವಿಡಿಯಲ್ಲಿ ಮೂಲ ಮಿಶ್ರಣವನ್ನೂ ಏನೊಂದೂ ತಿದ್ದದೆ, ಸಿಡಿಗಿಂತ ಮೇಲ್ಮಟ್ಟದ ಧ್ವನಿಯಲ್ಲಿ ಕೊಟ್ಟಿದ್ದಾರೆ. ಎರಡನ್ನೂ ಕೇಳಿ ನೀವೇ ತೀರ್ಮಾನಿಸಿ.

ಇನ್ನೊಂದು ಮಾತು. ಇದನ್ನು ‘ಕಡೆಗಣಿಸಲ್ಪಟ್ಟ’ ಆಲ್ಬಮ್ ಎನ್ನುವಾಗ ಜನ ಕಡೆಗಣಿಸಿದರೆಂದು ತಿಳಿಯಬೇಡಿ. ಅಮೆರಿಕದಲ್ಲಿ ಇದು ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತ್ತು. ಹಿಡಿದು ಬಡಿದವರು ವಿಮರ್ಶಕರು. ಆ ಏಟು ಎಷ್ಟಿತ್ತೆಂದರೆ, ತಂಡ ಇನ್ನು ವೇದಿಕೆ ಏರುವುದಿಲ್ಲವೆಂದು 1973ರ ಆಗಸ್ಟಿನಲ್ಲಿ ಅದರ ವ್ಯವಸ್ಥಾಪಕರು ಪತ್ರಿಕೆಯಲ್ಲಿ ಸುದ್ದಿ ಮಾಡಿದರು. ಮರುವರ್ಷ ತಂಡ ಮತ್ತೆ ವೇದಿಕೆಯ ಮೇಲಿತ್ತು. ಆದರೆ ಆಲ್ಬಮ್ಮಿಗೆ ಅಂಟಿದ ಕೆಟ್ಟ ಹೆಸರು ಹೋಗಲಿಲ್ಲ. ತಂಡದ ಗಾಯಕ, ಕೊಳಲುವಾದಕ ಇಯಾನ್ ಆ್ಯಂಡರ್ಸನ್ ಅವರೇ ನಂತರದ ದಿನಗಳಲ್ಲಿ ಇದರ ಪರವಾಗಿ ಗಟ್ಟಿಯಾಗಿ ನಿಲ್ಲಲಿಲ್ಲ ಎಂಬುದು ನನಗೆ ಈಗಲೂ ನೋವಿನ ಸಂಗತಿ.

ಉಡುಪಿಯಿಂದ, ಕೊಳಲು ಕಲಿಯುತ್ತಿರುವವರು

ಎರಡನೆಯ ಸಿಡಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನನ್ನ ಮಟ್ಟಿಗೆ ಇಡೀ ಪೆಟ್ಟಿಗೆಯ ಜೀವ ಅಲ್ಲಿದೆ.

ಹಿನ್ನೆಲೆ ಇದು. ಬ್ರಿಟನ್ನಿನ ತೆರಿಗೆ ತಪ್ಪಿಸಿಕೊಳ್ಳಲು ತಂಡ 1972ರಲ್ಲಿ ದೇಶ ಬಿಟ್ಟು, ಪ್ಯಾರಿಸ್ ಸಮೀಪದ ಶಾಟೋ ದೆರೂವಿಲ್ ಎಂಬ ಹಳೆಯ ಬಂಗಲೆಯಲ್ಲಿ ಧ್ವನಿಮುದ್ರಣಕ್ಕೆ ಕುಳಿತಿತ್ತು. ಎಲ್ಟನ್ ಜಾನ್ ಕೂಡ ಅಲ್ಲಿ ಧ್ವನಿಮುದ್ರಣ ಮಾಡಿದ್ದರು. ಟಲ್ ತಂಡಕ್ಕೆ ಮಾತ್ರ ಆ ಜಾಗ ಆಗಿಬರಲಿಲ್ಲ. ಉಪಕರಣಗಳ ತೊಂದರೆ, ಹೊಟ್ಟೆ ಕೆಟ್ಟು ಮಲಗುವುದು, ಮನೆಯ ನೆನಪು. ಸುಮಾರು ಒಂದು ಗಂಟೆಯಷ್ಟು ಸಂಗೀತವನ್ನು ಅಲ್ಲಿಗೇ ಬಿಟ್ಟು ಎಲ್ಲರೂ ಇಂಗ್ಲೆಂಡಿಗೆ ಹಿಂದಿರುಗಿದರು. ನಂತರ ಬಹುಪಾಲು ಹೊಸದಾಗಿ ಬರೆದು, ಲಂಡನ್ನಿನ ಮಾರ್ಗನ್ ಸ್ಟುಡಿಯೋದಲ್ಲಿ 1973ರ ಮಾರ್ಚ್‌ನಲ್ಲಿ ‘ಎ ಪ್ಯಾಶನ್ ಪ್ಲೇ’ ಮುಗಿಸಿದರು. ಬಿಟ್ಟುಬಂದ ಆ ಟೇಪ್‌ಗಳಿಗೆ ತಂಡದವರೇ ‘ಶಾಟೋ ಡಿಸಾಸ್ಟರ್’ ಎಂದು ಹೆಸರಿಟ್ಟರು. ಎರಡನೆಯ ಸಿಡಿಯಲ್ಲಿರುವುದು ಅವೇ.

ಇವುಗಳಲ್ಲಿ ಬಹಳಷ್ಟು 1993ರಲ್ಲಿ ‘ನೈಟ್‌ಕ್ಯಾಪ್’ ಎಂಬ ಸಂಗ್ರಹದಲ್ಲಿ ಒಮ್ಮೆ ಬಂದಿದ್ದವು. ಆದರೆ ಆಗ ಆ್ಯಂಡರ್ಸನ್ ಹಳೆಯ ಟೇಪಿನ ಮೇಲೆ ಹೊಸದಾಗಿ ಕೊಳಲು ನುಡಿಸಿ ಸೇರಿಸಿದ್ದರು. ಇಲ್ಲಿ ನನಗೆ ಸ್ವಾರಸ್ಯವಿದೆ. ಆ್ಯಂಡರ್ಸನ್ ಕೊಳಲನ್ನು ಗುರುವಿಲ್ಲದೆ ಕಲಿತವರು. 1990ರ ದಶಕದ ಆರಂಭದಲ್ಲಿ ಅವರ ಮಗಳು ಶಾಲೆಯಲ್ಲಿ ಕೊಳಲು ಕಲಿಯತೊಡಗಿದಾಗ, ಅಪ್ಪ ಬೆರಳಿಡುವ ರೀತಿಯೇ ತಪ್ಪೆಂದು ತಿಳಿಯಿತು. ಎರಡು ದಶಕ ಜಗತ್ತಿನ ಮುಂದೆ ನುಡಿಸಿದ ಮೇಲೆ ಅವರು ಬೆರಳುಗಳನ್ನು ಮೊದಲಿನಿಂದ ತಿದ್ದಿಕೊಂಡರು. ಹೆಚ್ಚುಕಡಿಮೆ ಅದೇ ಕಾಲದ ಕೊಳಲು ‘ನೈಟ್‌ಕ್ಯಾಪ್’ನದು. ನಾದ ದುಂಡಗಿದೆ, ಶ್ರುತಿ ನೇರವಾಗಿದೆ, ಆದರೆ 25 ವರ್ಷದ ಹುಡುಗನ ಉಸಿರು ಅದಲ್ಲ. 2014ರ ಆವೃತ್ತಿಯಲ್ಲಿ ಆ ಸೇರ್ಪಡೆಗಳನ್ನು ತೆಗೆದುಹಾಕಿ 1972ರಲ್ಲಿ ಏನಿತ್ತೋ ಅಷ್ಟನ್ನೇ ಉಳಿಸಿದ್ದಾರೆ. ಕೆಲವು ಕಡೆ ಹಾಡು ಅರ್ಧ ಕಟ್ಟಿದ ಮನೆಯಂತಿದೆ, ಗೋಡೆಯಿದೆ, ಮಾಡು ಇಲ್ಲ. ನನಗೆ ಅದೇ ಇಷ್ಟ. ಯಾವ ಜಾಗದಲ್ಲಿ ಅವರು ಕೊಳಲಿಗೆ ಖಾಲಿ ಬಿಟ್ಟಿದ್ದರೆಂಬುದು ಕಾಣುತ್ತದೆ. ಅಂಥ ಎರಡು ಜಾಗಗಳಲ್ಲಿ ನಾನು ನನ್ನ ಬಿದಿರಿನ ಕೊಳಲು ಹಿಡಿದು ಮೆಲ್ಲನೆ ಜೊತೆಗೂಡಿದ್ದೇನೆ.

ಅಂದಹಾಗೆ, ‘ಕ್ರಿಟಿಕ್ ಓಬ್ಲೀಕ್’ ಎಂಬ ಭಾಗ ಎರಡೂ ಸಿಡಿಗಳಲ್ಲಿದೆ. ಬಂಗಲೆಯಲ್ಲಿ ಹುಟ್ಟಿದ ರೂಪವನ್ನೂ ಲಂಡನ್ನಿನಲ್ಲಿ ಬೆಳೆದ ರೂಪವನ್ನೂ ಒಂದರ ಹಿಂದೆ ಒಂದು ಕೇಳಿ. ‘ಸ್ಕೇಟಿಂಗ್ ಅವೇ’ ಹಾಡಿನ ಮೂಲವೂ ಈ ಫ್ರೆಂಚ್ ಟೇಪ್‌ಗಳಲ್ಲೇ ಇದೆ, ಅದು ತಂಡದ 1974ರ ಆಲ್ಬಮ್ ‘ವಾರ್ ಚೈಲ್ಡ್’ನಲ್ಲಿ ಹೋಗಿ ನೆಲೆಯೂರಿತು.

ಮಂಗಳೂರಿನಿಂದ, ನಿವೃತ್ತ ಇಂಗ್ಲಿಷ್ ಅಧ್ಯಾಪಕಿ

ಪಿಲ್ಗ್ರಿಮ್ ಎಂಬ ಹೆಸರು ಕೇಳಿದೊಡನೆ ನನಗೆ ಜಾನ್ ಬನ್ಯನ್‌ನ ‘ಪಿಲ್ಗ್ರಿಮ್ಸ್ ಪ್ರೋಗ್ರೆಸ್’ ಕೃತಿಯ ಯಾತ್ರಿಕ ನೆನಪಾದ. 19ನೆಯ ಶತಮಾನದಲ್ಲಿಯೇ ನಮ್ಮೂರಿನ ಬಾಸೆಲ್ ಮಿಷನ್ ಮೂಲಕ ಕನ್ನಡಕ್ಕೆ ಬಂದವನು ಆತ. ಆ ಯಾತ್ರಿಕ ಸ್ವರ್ಗದ ನಗರಿ ಸೇರುವುದಕ್ಕೆ ಪಾಡುಪಟ್ಟರೆ, ಈ ಪಿಲ್ಗ್ರಿಮ್ ಸೇರಿದ ಮೇಲೆ ಬಾಗಿಲು ಹುಡುಕುತ್ತಾನೆ. ಅವನ ಬದುಕನ್ನು ತೋರಿಸುವ ಕೋಣೆಯ ಭಾಗ ಬಂದಾಗ ನನಗೆ ಚಿತ್ರಗುಪ್ತನ ಲೆಕ್ಕದ ಪುಸ್ತಕವೇ ಕಣ್ಣೆದುರು ಬಂತು. ಅಣ್ಣ ತೀರಿಕೊಂಡ ಹದಿಮೂರು ದಿನ ನಮ್ಮ ಮನೆಯಲ್ಲಿ ಗರುಡ ಪುರಾಣ ಓದಿಸಿದ್ದರು. ಅದಾದ ಕೆಲವು ತಿಂಗಳಿಗೆ ನನ್ನ ಮಗ ಈ ಆಲ್ಬಮ್ ಕೇಳಿಸಿದ. ತನ್ನ ಶವದ ಸುತ್ತ ನಿಂತ ಸ್ನೇಹಿತರನ್ನು ಸತ್ತವನೇ ನೋಡುವ ಆ ಮೊದಲ ಪದ್ಯದಲ್ಲಿ, ಪಿಯಾನೋ ಒಂದನ್ನೇ ಆಸರೆ ಮಾಡಿಕೊಂಡು ದನಿ ಮೇಲೇಳುವಾಗ, ನಾನು ಅತ್ತಿದ್ದೇನೆ. ಇದು ಒಗಟು, ಒಣ ಪಾಂಡಿತ್ಯ ಎಂದು ಬರೆದವರು ಆ ಪದ್ಯವನ್ನು ಹೇಗೆ ದಾಟಿ ಹೋದರೋ ನನಗೆ ತಿಳಿಯದು.

ಸಾಹಿತ್ಯ ಎಲ್ಲ ಕಡೆಯೂ ತಿಳಿಯಾಗಿಲ್ಲ, ನಿಜ. ಶ್ಲೇಷೆಯ ಮೇಲೆ ಶ್ಲೇಷೆ. ದೇವರ ಹೆಸರನ್ನೇ ‘ಜಿ. ಆಡಿ ಆ್ಯಂಡ್ ಸನ್’ ಎಂದು ಅಂಗಡಿಯ ಫಲಕದಂತೆ ತಿರುಚಿದ್ದಾರೆ. ಒಂದೇ ಸಲಕ್ಕೆ ಎಲ್ಲವನ್ನೂ ಬಿಡಿಸಲು ಹೋಗಬೇಡಿ.

ಇಂಗ್ಲೆಂಡಿನ ರೆಡಿಂಗ್‌ನಿಂದ

ಎರಡು ಸಣ್ಣ ಮಾತು. ಕೊನೆಯ ಭಾಗಗಳ ನಡುವೆ ‘10.08 ಟು ಪ್ಯಾಡಿಂಗ್ಟನ್’ ಎಂಬ, ಒಂದು ನಿಮಿಷದ ಆಸುಪಾಸಿನ ಅಕೌಸ್ಟಿಕ್ ಗಿಟಾರ್ ತುಣುಕು ಬರುತ್ತದೆ. ನಾನು ಕೆಲಸಕ್ಕೆ ದಿನವೂ ಪ್ಯಾಡಿಂಗ್ಟನ್ ನಿಲ್ದಾಣಕ್ಕೆ ರೈಲು ಹಿಡಿಯುವವನು. ನರಕದಿಂದ ಓಡಿಬಂದವನಿಗೆ ಸಿಗುವ ಮೊದಲ ನೆಮ್ಮದಿ ಒಂದು ರೈಲಿನ ವೇಳೆ ಎಂಬುದು ಪ್ರತಿ ಬೆಳಿಗ್ಗೆ ಕಿಟಕಿಯ ಪಕ್ಕ ಕುಳಿತಾಗ ನೆನಪಾಗುತ್ತದೆ.

ಮತ್ತೊಂದು, ಕೊಳ್ಳುವ ಮುನ್ನ ನಾಲ್ಕೂ ಡಿಸ್ಕ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಪುಸ್ತಕದ ರಟ್ಟಿನ ಜೇಬಿನಿಂದ ಎಳೆದು ತೆಗೆಯುವಾಗ ಗೀರು ಬೀಳುವುದುಂಟು. ನಾನು ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡ ಪ್ರತಿಯಲ್ಲಿ ಒಂದು ಡಿವಿಡಿ ನಡುವೆ ಮುಗ್ಗರಿಸುತ್ತಿತ್ತು, ಮಾರಿದವರು ಹಿಂದಕ್ಕೆ ಪಡೆಯಲಿಲ್ಲ. ಐದು ಸ್ಪೀಕರ್‌ಗಳ ಸರೌಂಡ್ ಮಿಶ್ರಣ ಡಿವಿಡಿಗಳಲ್ಲಿದೆ. ಅದಕ್ಕಾಗಿ ಈಗಲೇ ಹೊಸ ಉಪಕರಣ ಕೊಳ್ಳಬೇಡಿ. ಸಾಧಾರಣ ಡಿವಿಡಿ ಪ್ಲೇಯರ್ ಒಂದಿದ್ದರೆ, 1973ರ ಪ್ರವಾಸದಲ್ಲಿ ತೆರೆಯ ಮೇಲೆ ತೋರಿಸುತ್ತಿದ್ದ ಮೊಲದ ಕಥೆಯ ಚಿತ್ರವನ್ನಾದರೂ ನೋಡಬಹುದು. ಅದನ್ನು ನೋಡಿದ ಮೇಲೆ ಆ ನಾಲ್ಕು ನಿಮಿಷದ ಮೇಲಿನ ನನ್ನ ಸಿಟ್ಟು ಇಳಿಯಿತು.

ಶಿವಮೊಗ್ಗದಿಂದ, ಮತ್ತೊಮ್ಮೆ

ಸ್ಯಾಕ್ಸೋಫೋನ್ ಬಗ್ಗೆ ಯಾರೂ ಎಚ್ಚರಿಸಲಿಲ್ಲ. ಈ ಆಲ್ಬಮ್‌ನಲ್ಲಿ ಆ್ಯಂಡರ್ಸನ್ ಕೊಳಲಿನಷ್ಟೇ ಸೊಪ್ರಾನೋ ಸ್ಯಾಕ್ಸೋಫೋನನ್ನೂ ಊದಿದ್ದಾರೆ. ಕೊಳಲಿಗಾಗಿ ಟಲ್ ಕೇಳುವವರಿಗೆ ಮೊದಲು ಕಿರಿಕಿರಿಯಾಗುತ್ತದೆ. ಮೂಗಿನಲ್ಲಿ ಹಾಡಿದಂತಹ ನಾದ ಅದು. ನನಗೆ ಒಗ್ಗಲು ಒಂದು ವರ್ಷ ಬೇಕಾಯಿತು. ಈಗ ಅದಿಲ್ಲದೆ ಈ ಪರಲೋಕವನ್ನು ಊಹಿಸಿಕೊಳ್ಳಲಾರೆ.

ಧಾರವಾಡದಿಂದ, ಹತ್ತು ದಿನಗಳ ನಂತರ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಕೊಂಡೆ. ಡಿಸ್ಕ್‌ಗಳಲ್ಲಿ ಗೀರು ಇಲ್ಲ. ಶನಿವಾರ ರಾತ್ರಿ ಊಟವಾದ ಮೇಲೆ ಮೈಸೂರಿನವರು ಹೇಳಿದಂತೆ ಹಾಳೆ ಹಿಡಿದು, ದೀಪ ಹಾಕಿಕೊಂಡು ಕುಳಿತೆ. ಅಂತ್ಯಸಂಸ್ಕಾರದ ಪದ್ಯದಲ್ಲಿ ಮಂಗಳೂರಿನ ಮೇಡಂ ಹೇಳಿದ ಪಿಯಾನೋ ಕೇಳಿಸಿತು. ಎರಡು ಸಲ ಮೊಬೈಲ್‌ನಲ್ಲಿ ಕೇಳಿದಾಗ ಅಲ್ಲಿ ಪಿಯಾನೋ ಇದೆಯೆಂಬುದೂ ನನ್ನ ಗಮನಕ್ಕೆ ಬಂದಿರಲಿಲ್ಲ. ಸ್ಯಾಕ್ಸೋಫೋನ್ ಇನ್ನೂ ಚುಚ್ಚುತ್ತಿದೆ. ನರಕದ ಭಾಗ ಅರ್ಧ ಅರ್ಥವಾಗಿದೆ, ಅರ್ಧ ಉಳಿದಿದೆ.

ಮೊಲದ ಕಥೆ ಶುರುವಾದಾಗ ಆರು ವರ್ಷದ ಮಗಳು ನಿದ್ದೆ ಬಾರದೆ ಎದ್ದು ಬಂದು ತೊಡೆಯ ಮೇಲೆ ಕುಳಿತಳು. ಆ ಉಚ್ಚಾರಣೆ ಅವಳಿಗೆ ಹೇಗೆ ತಿಳಿಯಬೇಕು? ಹಾಗಾಗಿ ಗೂಬೆ ಏನೆಂದಿತು, ಕಾಂಗರೂ ಏನೆಂದಿತು, ಜೇನುನೊಣ ಏನೆಂದಿತು ಎಂದು ನಾನು ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಕೊನೆಗೆ ಮೊಲದ ಬಳಿ ಇನ್ನೊಂದು ಜೊತೆ ಕನ್ನಡಕ ಇತ್ತೆಂದು ತಿಳಿದಾಗ ಅವಳು ನಕ್ಕ ನಗುವಿಗೆ ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಮ್ಮ ಎಚ್ಚರಗೊಂಡರು. ಮರುದಿನ ಬೆಳಿಗ್ಗೆ ಅದನ್ನೇ ಹಾಕೆಂದು ಹಠ ಮಾಡಿದಳು. ಈಗ ನಮ್ಮ ಮನೆಯಲ್ಲಿ ಈ ಆಲ್ಬಮ್‌ನ ಉಳಿದೆಲ್ಲ ಭಾಗಕ್ಕಿಂತ ಹೆಚ್ಚು ಕೇಳಿಸುತ್ತಿರುವುದು ಆ ನಾಲ್ಕು ನಿಮಿಷ.

ಬಂಗಲೆಯ ಟೇಪ್‌ಗಳ ಸಿಡಿಯನ್ನು ಇನ್ನೂ ಮುಟ್ಟಿಲ್ಲ. ಬರುವ ಭಾನುವಾರ ಮಧ್ಯಾಹ್ನ, ಮಗಳು ಮಲಗಿದ ಮೇಲೆ.